ಕಳೆದುಹೋದ ಗಂಟು, ಉಳಿದುಬಂದ ಕವಿತೆ

ಕವಿಯ ಮರಣವು ಆತನ ಕಾವ್ಯಕ್ಕೆ ಮಾಡುವ ಉಪಕಾರವೆಷ್ಟು, ಅಪಕಾರವೆಷ್ಟು ಎಂಬುದನ್ನು ನಾವು ಸಾಕಷ್ಟು ವಿಚಾರಿಸಿದಂತೆ ಕಾಣುವುದಿಲ್ಲ. ದಾರುಣವಾದ ಮರಣವೊಂದು ಕವಿಯ ಹೆಸರನ್ನು ನಾಲ್ಕು ದೇಶಗಳಿಗೆ ಮುಟ್ಟಿಸುತ್ತದೆ. ಕಾವ್ಯವನ್ನು ಓದದವರೂ ಮರಣದ ಕಥೆಯನ್ನು ಬಲ್ಲರು. ಆ ಬಳಿಕ ಕಾವ್ಯವನ್ನು ಕೈಗೆತ್ತಿಕೊಂಡವರು ಅದರಲ್ಲಿ ಮರಣದ ಮುನ್ಸೂಚನೆಗಳನ್ನೇ ಹುಡುಕುತ್ತಾರೆ. ಹುಡುಕಿದವರಿಗೆ ಅವು ದೊರೆಯದೆ ಇರುವುದೂ ಇಲ್ಲ. ಹೀಗೆ ಬಾಳಿನ ಕಡೆಯ ಪುಟವೊಂದು ಹಿಂದಿನ ಪುಟಗಳೆಲ್ಲದರ ಮೇಲೆ ತನ್ನ ನೆರಳನ್ನು ಚೆಲ್ಲುತ್ತದೆ. ಸ್ಪೇನ್ ದೇಶದ ಕವಿ ಆಂಟೊನಿಯೊ ಮಚಾದೊನಿಗೆ ಆದುದು ಇದೇ. ದೇಶಭ್ರಷ್ಟನಾಗಿ ಫ್ರಾನ್ಸಿನ ಕಡಲತಡಿಯ ಹಳ್ಳಿಯೊಂದರಲ್ಲಿ ಆತನು ಕಳೆದ 26 ದಿನಗಳು ಆತನ 63 ವರ್ಷಗಳ ಬಾಳನ್ನೂ ಬರಹವನ್ನೂ ಮರೆಮಾಡುವಷ್ಟು ಪ್ರಸಿದ್ಧವಾಗಿವೆ. ಆ ದಿನಗಳನ್ನು ನೆನೆಯಬಾರದೆಂದು ನಾವು ಹೇಳುವುದಿಲ್ಲ. ಹೇಗೆ ನೆನೆದರೆ ಕವಿಗೆ ನ್ಯಾಯವಾದೀತು ಎಂಬುದೇ ಈ ಲೇಖನದ ಪ್ರಶ್ನೆ.

ಮಚಾದೊ ಹುಟ್ಟಿದುದು 1875ನೆಯ ಇಸವಿಯಲ್ಲಿ, ದಕ್ಷಿಣ ಸ್ಪೇನಿನ ಸೆವಿಲ್ಯಾ ನಗರದಲ್ಲಿ. ತಂದೆಯು ಜನಪದ ಗೀತೆಗಳನ್ನು ಸಂಗ್ರಹಿಸಿ ಪ್ರಕಟಿಸಿದ ವಿದ್ವಾಂಸ. ಮಗನು ಮದ್ರಿದ್ ನಗರದಲ್ಲಿ ಓದಿ, 1903ರಲ್ಲಿ ‘ಏಕಾಂತಗಳು’ ಎಂಬರ್ಥದ ಹೆಸರಿನ ಮೊದಲ ಕವನಸಂಗ್ರಹವನ್ನು ಹೊರತಂದನು. 1907ರಲ್ಲಿ ಸೋರಿಯಾ ಎಂಬ ಸಣ್ಣ ಊರಿಗೆ ಫ್ರೆಂಚ್ ಭಾಷೆಯ ಉಪಾಧ್ಯಾಯನಾಗಿ ಹೋದನು. ಅಲ್ಲಿ ಮದುವೆಯಾದ ಲಿಯೊನೋರ್ ಎಂಬ ಎಳೆಯ ಹೆಂಡತಿಯನ್ನು ಮೂರೇ ವರ್ಷಗಳಲ್ಲಿ, 1912ರ ಆಗಸ್ಟಿನಲ್ಲಿ, ಕ್ಷಯರೋಗಕ್ಕೆ ತೆತ್ತನು. ಅದೇ ವರ್ಷ ‘ಕಸ್ತೀಲ್ಯದ ಬಯಲುಗಳು’ ಎಂಬ ಮುಖ್ಯ ಸಂಗ್ರಹವು ಪ್ರಕಟವಾಯಿತು. ಆಮೇಲೆ ಬಯೇಸಾ, ಸೆಗೋವಿಯಾ, ಕಡೆಗೆ ಮದ್ರಿದ್: ಎಲ್ಲೆಲ್ಲಿಯೂ ಮೇಷ್ಟರ ಕೆಲಸವೇ. 1927ರಲ್ಲಿ ಸ್ಪೇನಿನ ರಾಜಮಾನ್ಯ ಅಕಾಡೆಮಿಗೆ ಆಯ್ಕೆಯಾದರೂ ಆತನು ಆ ಪೀಠವನ್ನು ಏರಲೇ ಇಲ್ಲ. ಹುವಾನ್ ದೆ ಮೈರೇನಾ ಎಂಬ ಕಲ್ಪಿತ ಅಧ್ಯಾಪಕನೊಬ್ಬನನ್ನು ಸೃಷ್ಟಿಸಿ, ಅವನ ಬಾಯಿಂದ ಕಾವ್ಯ, ತತ್ತ್ವ, ರಾಜಕೀಯಗಳನ್ನು ಕುರಿತು ನಗುನಗುತ್ತ ಮಾತನಾಡಿಸಿದ ಗದ್ಯಗ್ರಂಥವು 1936ರಲ್ಲಿ ಹೊರಬಂದಿತು. ಅದೇ ವರ್ಷ ಜುಲೈ ತಿಂಗಳಲ್ಲಿ ಅಂತರ್ಯುದ್ಧವು ಹೊತ್ತಿಕೊಂಡಿತು. ಮಚಾದೊ ಗಣರಾಜ್ಯದ ಪಕ್ಷವನ್ನು ಹಿಡಿದನು. ತಾನೂ ಕವಿಯಾಗಿದ್ದ ಅಣ್ಣ ಮಾನ್ವೆಲನು ಎದುರು ಪಕ್ಷದವರ ಬೂರ್ಗೋಸ್ ನಗರದಲ್ಲಿ ಉಳಿದನು. ಒಂದೇ ಮನೆಯಲ್ಲಿ ಬೆಳೆದು, ಜೊತೆಗೂಡಿ ನಾಟಕಗಳನ್ನು ಬರೆದಿದ್ದ ಸಹೋದರರು ಮತ್ತೆ ಒಬ್ಬರ ಮುಖವನ್ನೊಬ್ಬರು ಕಾಣಲಿಲ್ಲ.

ಈಗ ನಮ್ಮ ವಿಚಾರಕ್ಕೆ ಆಧಾರವಾದ ಕವಿತೆಗೆ ಬರೋಣ. 1908ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾಗಿ, ಮುಂದೆ ‘ಕಸ್ತೀಲ್ಯದ ಬಯಲುಗಳು’ ಸಂಗ್ರಹದ ಆರಂಭದಲ್ಲಿ ಸ್ಥಾನ ಪಡೆದ ‘ಭಾವಚಿತ್ರ’ ಎಂಬುದು ಆ ಕವಿತೆ. ಇದರಲ್ಲಿ ಕವಿಯು ತನ್ನ ಚಿತ್ರವನ್ನು ತಾನೇ ಬರೆದುಕೊಳ್ಳುತ್ತಾನೆ. ಸೆವಿಲ್ಯಾದ ಅಂಗಳವೊಂದರ, ನಿಂಬೆಯ ಗಿಡವೊಂದರ ಬಾಲ್ಯಸ್ಮೃತಿಯಿಂದ ಪ್ರಾರಂಭವಾಗಿ, ತನ್ನ ಸ್ವಭಾವ, ತನ್ನ ಕಾವ್ಯರೀತಿ, ತನ್ನೊಡನೆ ತಾನಾಡುವ ಸಂಭಾಷಣೆ ಇವುಗಳನ್ನು ಹಾದು, ತನ್ನ ದುಡಿಮೆಯ ಅನ್ನವನ್ನೇ ಉಣ್ಣುತ್ತಿರುವೆನೆಂಬ ಋಜುವಾದ ಅಭಿಮಾನಕ್ಕೆ ಬಂದು, ಕಡೆಯಲ್ಲಿ ಮರಣವನ್ನು ಕಡಲಯಾನವಾಗಿ ಕಂಡು, ಆ ಯಾನಕ್ಕೆ ಗಂಟುಮೂಟೆಯ ಭಾರವಿಲ್ಲದೆಯೇ ಹೊರಡುವೆನೆಂಬ ಭಾವದಲ್ಲಿ ಕವಿತೆಯು ನಿಲ್ಲುತ್ತದೆ. ಆಗ ಆತನಿಗಿನ್ನೂ 32 ವರ್ಷ.

ಮೂವತ್ತೊಂದು ವರ್ಷಗಳ ಮೇಲೆ ನಡೆದುದು ಹೀಗೆ. ಬಾರ್ಸಿಲೋನಾ ನಗರವು ಶತ್ರುಗಳ ವಶವಾಗುವುದಕ್ಕೆ ನಾಲ್ಕು ದಿನ ಮೊದಲು, 1939ರ ಜನವರಿ 22ರ ರಾತ್ರಿ, ಮಚಾದೊ ತನ್ನ ವೃದ್ಧ ತಾಯಿ ಆನಾ ರೂಯಿಸ್, ತಮ್ಮ ಹೋಸೆ, ಹೋಸೆಯ ಹೆಂಡತಿ ಇವರೊಡನೆ ಉತ್ತರಕ್ಕೆ ಹೊರಟನು. ಆ ಚಳಿಗಾಲದಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕಿದ ಸ್ಪೇನಿಗರು ಫ್ರಾನ್ಸಿನ ಗಡಿಯನ್ನು ದಾಟಿದರು. ಕವಿಯ ಕುಟುಂಬವು ಆ ಪ್ರವಾಹದ ಒಂದು ಹನಿ. ಜನವರಿ 27ರಂದು ಗಡಿಯ ಸಮೀಪದಲ್ಲಿ ಜನಸಂದಣಿಯಿಂದ ವಾಹನವು ಮುಂದೆ ಚಲಿಸದಾಯಿತು. ಮಳೆ, ಚಳಿ, ಕತ್ತಲೆ. ಇಳಿದು ನಡೆಯಬೇಕಾಯಿತು. ಕವಿಯ ಕಾಗದಪತ್ರಗಳಿದ್ದ ಪೆಟ್ಟಿಗೆಯು ಅಲ್ಲಿಯೇ ಉಳಿದುಹೋಯಿತು. ಅದು ಮತ್ತೆ ಸಿಕ್ಕಲಿಲ್ಲ. ಗಡಿಯಾಚೆಯ ಸೆರ್ಬೇರ್ ನಿಲ್ದಾಣದಲ್ಲಿ ನಿಂತಿದ್ದ ರೈಲುಡಬ್ಬಿಯೊಂದರಲ್ಲಿ ರಾತ್ರಿಯನ್ನು ಕಳೆದು, ಮರುದಿನ ಸಂಜೆ ಅವರು ಕೊಲ್ಯೂರ್ ಎಂಬ ಹಳ್ಳಿಯಲ್ಲಿ ಇಳಿದರು. ನಿಲ್ದಾಣದಿಂದ ಊರೊಳಕ್ಕೆ ತಾಯಿಯನ್ನು ಮಗುವಿನಂತೆ ತೋಳುಗಳಲ್ಲಿ ಎತ್ತಿಕೊಂಡು ನಡೆದವನು ಜೊತೆಗಿದ್ದ ಲೇಖಕ ಕೋರ್ಪುಸ್ ಬಾರ್ಗಾ. ಬುದ್ಧಿ ಕದಡಿದ್ದ ಆ ಮುದುಕಿಯು ಸೆವಿಲ್ಯಾ ಇನ್ನೆಷ್ಟು ದೂರವೆಂದು ಆತನ ಕಿವಿಯಲ್ಲಿ ಕೇಳಿದಳಂತೆ.

ಈ ಎರಡು ಚಿತ್ರಗಳನ್ನು, ಕವಿತೆಯ ಕಡೆಯ ಪದ್ಯವನ್ನೂ ಗಡಿಯ ಆ ರಾತ್ರಿಯನ್ನೂ, ಪಕ್ಕಪಕ್ಕದಲ್ಲಿ ಇರಿಸಿ, ‘ಕವಿವಾಕ್ಯವು ಸತ್ಯವಾಯಿತು’ ಎಂದು ನಿಟ್ಟುಸಿರುಬಿಡುವುದು ರೂಢಿಯಾಗಿದೆ. ಕೊಲ್ಯೂರಿನ ಗೋರಿಯ ಕಲ್ಲಿನ ಮೇಲೂ ಆ ಕಡೆಯ ಪದ್ಯವೇ ಕೆತ್ತಲ್ಪಟ್ಟಿದೆ. ಈ ರೂಢಿಯು ಎಷ್ಟೇ ಭಕ್ತಿಯಿಂದ ಬಂದಿರಲಿ, ಅದರಲ್ಲಿ ಎರಡು ದೋಷಗಳಿವೆಯೆಂದು ನಮಗೆ ತೋರುತ್ತದೆ.

ಮೊದಲನೆಯದು ಅರ್ಥದೋಷ. ಕವಿತೆಯಲ್ಲಿ ಗಂಟಿಲ್ಲದೆ ಹೊರಡುವ ಮಾತು ಬರುವುದು, ತನಗೆ ಬೇಕಾದುದನ್ನು ತಾನೇ ಗಳಿಸಿ, ಯಾರ ಹಂಗಿನಲ್ಲಿಯೂ ಇಲ್ಲವೆಂದು ಹೇಳಿಕೊಂಡ ಮೇಲೆ. ಅಲ್ಲಿಯ ಹಗುರತನವು ಋಣವಿಲ್ಲದವನ ಹಗುರತನ. ನಮ್ಮ ಹಿರಿಯರು ಅಪರಿಗ್ರಹವೆಂದು ಕರೆದ ಗುಣಕ್ಕೆ ಸಮೀಪವಾದುದು. ಒಬ್ಬನು ತಾನಾಗಿ ಬಿಟ್ಟುದು ಅಪರಿಗ್ರಹ. ಆತನ ಕೈಯಿಂದ ಕಿತ್ತುಕೊಂಡುದು ಅಪಹಾರ. ಗಡಿಯಲ್ಲಿ ಪೆಟ್ಟಿಗೆಯನ್ನು ಮಚಾದೊ ಬಿಡಲಿಲ್ಲ. ಅದು ಆತನಿಂದ ತಪ್ಪಿಹೋಯಿತು. ಕೊಲ್ಯೂರಿನಲ್ಲಿ ಆತನ ಜೇಬಿನಲ್ಲಿದ್ದ ಗಣರಾಜ್ಯದ ನೋಟುಗಳಿಗೆ ಚಿಕ್ಕಾಸಿನ ಬೆಲೆಯೂ ಇರಲಿಲ್ಲ. ತನ್ನ ಬಟ್ಟೆಗೂ ಮನೆಗೂ ತಾನೇ ಹಣ ತೆರುವೆನೆಂದಿದ್ದ ಅಭಿಮಾನಿಯು ಅಲ್ಲಿ ಪರರು ಕೊಟ್ಟ ಅಂಗಿಯನ್ನು ತೊಡಬೇಕಾಯಿತು. ಇದು ಕವಿತೆಯ ನೆರವೇರಿಕೆಯಲ್ಲ. ಅದರ ತೀರ ವಿಪರೀತ.

ಎರಡನೆಯದು ಔಚಿತ್ಯದೋಷ. ಅನ್ಯಾಯವೊಂದನ್ನು ಭವಿಷ್ಯವಾಣಿಯ ಫಲವೆಂದು ಕಂಡಾಗ ಅದು ಸುಂದರವಾಗಿ ಕಾಣಿಸತೊಡಗುತ್ತದೆ. ಆಗಬೇಕಾದುದೇ ಆಯಿತು ಎಂಬ ಸಮಾಧಾನವು ಓದುಗನ ಮನಸ್ಸನ್ನು ಹೊಗುತ್ತದೆ. ಕರುಣರಸಕ್ಕೆ ಬೇಕಾದ ನೋವು ಅಲ್ಲಿ ಜಾರಿಹೋಗಿ ಒಂದು ಬಗೆಯ ತೃಪ್ತಿಯು ಉಳಿಯುತ್ತದೆ. ಅದೇ ಗಡಿಯನ್ನು ದಾಟಿ, ಸಮೀಪದ ಅರ್ಜೆಲೆಸ್ ಎಂಬಲ್ಲಿ ಕಡಲತೀರದ ಮರಳಿನ ಮೇಲೆ ಮುಳ್ಳುತಂತಿಯ ಬೇಲಿಯೊಳಗೆ ಚಳಿಗಾಲವನ್ನು ಕಳೆದ ಸಾವಿರಾರು ಜನರಿಗೆ ಯಾವ ಕವಿತೆಯೂ ಮುನ್ಸೂಚನೆ ಕೊಟ್ಟಿರಲಿಲ್ಲ. ಕವಿಯ ನಷ್ಟವನ್ನು ಆ ಜನರ ನಷ್ಟದಿಂದ ಬೇರ್ಪಡಿಸಿ ಅಲಂಕರಿಸಿದರೆ ಆತನು ಒಪ್ಪುತ್ತಿರಲಿಲ್ಲವೆಂಬುದಕ್ಕೆ ಆತನ ಬರಹವೆಲ್ಲ ಸಾಕ್ಷಿ.

ಹಾಗಾದರೆ ಕೊಲ್ಯೂರಿನ ದಿನಗಳಿಗೂ ಮಚಾದೊನ ಕಾವ್ಯಕ್ಕೂ ಸಂಬಂಧವೇ ಇಲ್ಲವೆ? ಇದೆ, ಆದರೆ ಅದು ಬೇರೆ ಎಡೆಯಲ್ಲಿದೆ.

ಕೊಲ್ಯೂರ್ ಆಗ ಮೀನುಗಾರರ ಊರು. 1905ರಲ್ಲಿ ಮಾತೀಸ್ ಮತ್ತು ದರೇನ್ ಎಂಬ ಚಿತ್ರಕಾರರು ಬಂದು ಅಲ್ಲಿಯ ಬೆಳಕನ್ನು ಬರೆದುದರಿಂದ ಕಲಾಲೋಕಕ್ಕೆ ಪರಿಚಿತವಾಗಿತ್ತು. ಅಲ್ಲಿ ಪೌಲೀನ್ ಕಿಂತಾನಾ ಎಂಬಾಕೆಯು ನಡೆಸುತ್ತಿದ್ದ ಸಣ್ಣ ಹೋಟೆಲಿನಲ್ಲಿ ಈ ನಾಲ್ವರಿಗೂ ಆಶ್ರಯ ದೊರೆಯಿತು. ಆ ದಿನಗಳನ್ನು ಕಂಡವರು ಹೇಳಿದ ಒಂದು ಸಂಗತಿಯನ್ನು ಮರೆಯಲಾಗದು. ಸಹೋದರರಿಬ್ಬರೂ ಒಟ್ಟಿಗೆ ಊಟಕ್ಕೆ ಇಳಿದುಬರುತ್ತಿರಲಿಲ್ಲ. ಒಬ್ಬನ ಬಳಿಕ ಒಬ್ಬನು ಬರುತ್ತಿದ್ದನು. ಒಗೆದುಹಾಕಿದ ಅಂಗಿಯು ಒಣಗುವವರೆಗೆ ತೊಡಲು ಬೇರೊಂದಿರಲಿಲ್ಲವೆಂದು ತಿಳಿದಮೇಲೆ, ನೆರೆಯ ಅಂಗಡಿಯ ಹೆಣ್ಣುಮಗಳೊಬ್ಬಳು ಬಟ್ಟೆಗಳನ್ನು ಕೊಟ್ಟಳು.

ಊರಿನ ರೈಲುನಿಲ್ದಾಣದಲ್ಲಿ ಜಾಕ್ ಬೈಲ್ಸ್ ಎಂಬ ತರುಣ ನೌಕರನಿದ್ದನು. ಅವನೂ ಅದೇ ಹೋಟೆಲಿನಲ್ಲಿ ಉಣ್ಣುತ್ತಿದ್ದವನು. ಹೋಟೆಲಿನ ದಾಖಲೆಯಲ್ಲಿ ಹೊಸಬನ ಹೆಸರನ್ನೂ, ಅದರ ಮುಂದೆ ಉಪಾಧ್ಯಾಯನೆಂದು ಬರೆದಿದ್ದುದನ್ನೂ ಕಂಡು, ತಾನು ಸ್ಪ್ಯಾನಿಷ್ ಕಲಿಯುತ್ತಿದ್ದಾಗ ಓದಿದ ಕವಿತೆಗಳ ಮಚಾದೊ ತಾವೇನೋ ಎಂದು ಆತನು ಸಂಕೋಚದಿಂದಲೇ ವಿಚಾರಿಸಿದನು. ಹೌದೆಂಬ ಉತ್ತರ ಬಂದಿತು. ಬೈಲ್ಸ್ ತನ್ನ ಹಳೆಯ ಟಿಪ್ಪಣಿ ಪುಸ್ತಕವನ್ನು ತಂದು ತೋರಿಸಿದನು. ಅದರಲ್ಲಿ ಮಚಾದೊನ ಪದ್ಯಗಳನ್ನು ಅವನೇ ಕೈಯಾರೆ ಬರೆದುಕೊಂಡಿದ್ದನು.

ನಮ್ಮ ಮಟ್ಟಿಗೆ ಕೊಲ್ಯೂರಿನ ಕಥೆಯ ತಿರುಳು ಇಲ್ಲಿದೆ. ಹಿಂದಿನ ರಾತ್ರಿಗಳಲ್ಲಿ ಒಂದರಲ್ಲಿ ಕವಿಯ ಕಾಗದಗಳೆಲ್ಲವೂ ಗಡಿಯ ಕೆಸರಿನಲ್ಲಿ ಕಳೆದುಹೋಗಿದ್ದುವು. ಗಡಿಯ ಈಚೆಗೆ, ತಾನು ಎಂದೂ ಕಾಣದಿದ್ದ ಊರಿನಲ್ಲಿ, ತನ್ನ ಭಾಷೆಯನ್ನು ಮಾತೃಭಾಷೆಯಾಗಿ ಪಡೆಯದ ಒಬ್ಬ ರೈಲುನೌಕರನ ಬಳಿ ತನ್ನ ಪದ್ಯಗಳು ಇದ್ದುವು. ಕವಿಯ ನಿಜವಾದ ಗಂಟು ಆತನ ಕೈಯಲ್ಲಿ ಇರಲೇ ಇಲ್ಲ. ಅದು ಇತರರ ಮನೆಗಳಲ್ಲಿ ಜೋಪಾನವಾಗಿದ್ದಿತು. ಜನಪದ ಗೀತೆಗಳನ್ನು ಆಯ್ದ ತಂದೆಯ ಮಗನು, ಜನರ ಬಾಯಲ್ಲಿ ಬಾಳುವ ವಿದ್ಯೆಯೇ ಜೀವಂತವಾದುದೆಂದು ಮೈರೇನಾನಿಂದ ಹೇಳಿಸಿದವನು, ಇದನ್ನು ಕಂಡು ಏನೆಂದುಕೊಂಡನೋ ಬರೆದಿಟ್ಟಿಲ್ಲ. ‘ಭಾವಚಿತ್ರ’ದ ಹಗುರತನಕ್ಕೆ ಸರಿಯಾದ ಅರ್ಥವನ್ನು ನಮಗೆ ಕೊಡುವುದು ಗಡಿಯ ಆ ರಾತ್ರಿಯಲ್ಲ, ಈ ಟಿಪ್ಪಣಿ ಪುಸ್ತಕ. ಕೊಟ್ಟುಬಿಟ್ಟವನ ಹೊರೆಯು ಹಗುರವಾಗುವುದು ಸಹಜವಲ್ಲವೆ?

ಇನ್ನೊಂದು ಸಾಕ್ಷ್ಯವನ್ನೂ ಪರಿಶೀಲಿಸಬೇಕು. ಕವಿಯು ಹೋಟೆಲಿನಿಂದ ಹೆಚ್ಚಾಗಿ ಹೊರಗೆ ಹೋಗಲಿಲ್ಲ. ಒಮ್ಮೆ ತಮ್ಮನೊಡನೆ ಕಡಲತಡಿಗೆ ನಡೆದು, ಮರಳಿನ ಮೇಲೆ ಎಳೆದಿಟ್ಟಿದ್ದ ದೋಣಿಯೊಂದರ ಮೇಲೆ ಕುಳಿತು ಬಹಳ ಹೊತ್ತು ಸುಮ್ಮನಿದ್ದು, ಬಳಿಕ ಮೀನುಗಾರರ ಮನೆಗಳ ಕಡೆಗೆ ಕೈತೋರಿಸಿ, ಅಲ್ಲಿಯ ಒಂದು ಕಿಟಕಿಯ ಹಿಂದೆ ನಿಶ್ಚಿಂತೆಯಾಗಿ ಬಾಳುವಂತಾದರೆ ಎಂದು ಹಂಬಲಿಸಿದನೆಂದು ಹೋಸೆಯು ತನ್ನ ಸ್ಮರಣೆಗಳಲ್ಲಿ ಬರೆದಿದ್ದಾನೆ. ಫೆಬ್ರವರಿ 22ರಂದು ಮಧ್ಯಾಹ್ನ ಕವಿಯ ಉಸಿರು ನಿಂತಿತು. ಕೆಲವು ದಿನಗಳ ಮೇಲೆ ಆತನ ಹಳೆಯ ಕೋಟಿನ ಜೇಬಿನಲ್ಲಿ ಹೋಸೆಗೆ ಮುದುಡಿದ ಕಾಗದವೊಂದು ಸಿಕ್ಕಿತು. ಅದರಲ್ಲಿ ಪೆನ್ಸಿಲಿನಿಂದ ಬರೆದ ಮೂರು ಬರಹಗಳಿದ್ದುವು: ಹ್ಯಾಮ್ಲೆಟ್ಟನ ಪ್ರಸಿದ್ಧವಾದ ಸ್ವಗತದ ಮೊದಲ ಮಾತು, ಹಿಂದೆ ಬರೆದಿದ್ದ ಪ್ರೇಮಪದ್ಯವೊಂದರ ತಿದ್ದಿದ ನಾಲ್ಕು ಸಾಲು, ಇವೆರಡರೊಡನೆ, ಎಲ್ಲಿಯೂ ಸೇರದೆ ಒಂಟಿಯಾಗಿ ನಿಂತ ಒಂದು ಹೊಸ ಸಾಲು. ಆಕಾಶದ ನೀಲಿಯನ್ನೂ ಬಾಲ್ಯದ ಬಿಸಿಲನ್ನೂ ಒಟ್ಟಿಗೆ ಕರೆಯುವ ಸಾಲು ಅದು.

ಈ ಸಾಲನ್ನು ಕವಿಯ ಕಡೆಯ ಸಾಲೆಂದು ಎಲ್ಲರೂ ಕೊಂಡಾಡಿದ್ದಾರೆ. ಆದರೆ ಅದರ ರಚನೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಅದು ಏಳು ಏಳು ಅಕ್ಷರಗಳಂತೆ ಮಧ್ಯದಲ್ಲಿ ಯತಿಯುಳ್ಳ, ಸ್ಪ್ಯಾನಿಷ್ ಲೆಕ್ಕದ ಹದಿನಾಲ್ಕು ಅಕ್ಷರಗಳ ಸಾಲು; ‘ಭಾವಚಿತ್ರ’ದ ಛಂದಸ್ಸೂ ಅದೇ. ಅದರ ವಸ್ತುವು ಬಾಲ್ಯ. ‘ಭಾವಚಿತ್ರ’ದ ಮೊದಲ ಪದ್ಯದ ವಸ್ತುವೂ ಅದೇ. ಕವಿಯ ಕಡೆಯ ಸಾಲು ಆತನ ಪ್ರಸಿದ್ಧ ಕವಿತೆಯ ಕಡೆಯ ಪದ್ಯಕ್ಕೆ ಉತ್ತರವಾಗಲಿಲ್ಲ, ಮೊದಲ ಪದ್ಯಕ್ಕೆ ಉತ್ತರವಾಯಿತು! ನಾವೆಲ್ಲರೂ ಆತನ ಮರಣವನ್ನು ಹಿಡಿದು ಕವಿತೆಯ ಕೊನೆಯನ್ನು ನೋಡುತ್ತಿರುವಾಗ, ಸಾಯುತ್ತಿದ್ದ ಕವಿಯು ಕವಿತೆಯ ಆರಂಭಕ್ಕೆ ತಿರುಗಿದ್ದನು. ಗಮನಿಸಬೇಕಾದ ಮತ್ತೊಂದು ಅಂಶವುಂಟು. ಆ ಸಾಲಿನಲ್ಲಿ ಕ್ರಿಯಾಪದವಿಲ್ಲ. ಬಾಲ್ಯವನ್ನು ಕುರಿತು ಹೇಳುವಾಗ ‘ಆ’ ಎಂದು ದೂರವನ್ನು ತೋರುವ ಬದಲು ‘ಈ’ ಎಂದು ಸಮೀಪವನ್ನು ತೋರುವ ಪದವನ್ನೇ ಆತನು ಬಳಸಿದ್ದಾನೆ. ಕಾವ್ಯವೆಂಬುದು ಕಾಲದೊಳಗೆ ಬಾಳುವ ಮಾತು ಎಂಬ ನಿಲುವನ್ನು ಮಚಾದೊ ಜೀವಮಾನವೆಲ್ಲ ಪ್ರತಿಪಾದಿಸಿದನು. ಹೋದುದೆಂದು ಎಣಿಸಿದ ಕಾಲವು ಎದುರಿಗೆ ಬಂದು ನಿಂತುದನ್ನು ಒಂದು ದರ್ಶಕ ಪದದಿಂದ ಸೂಚಿಸಿದ ಈ ಸಾಲಿಗಿಂತ ಆ ನಿಲುವಿಗೆ ಉತ್ತಮವಾದ ಉದಾಹರಣೆಯನ್ನು ಆತನ ಗ್ರಂಥಗಳಲ್ಲಿ ನಾವು ಕಾಣಲಿಲ್ಲ. ಸೆವಿಲ್ಯಾ ಎಷ್ಟು ದೂರವೆಂದು ತಾಯಿ ಕೇಳಿದ ಪ್ರಶ್ನೆಯನ್ನು ಭ್ರಾಂತಿಯೆಂದು ಎಲ್ಲರೂ ಮರುಗಿದರು. ಮಗನ ಸಾಲು ಆ ಪ್ರಶ್ನೆಗೆ ಉತ್ತರವನ್ನು ಕೊಟ್ಟಂತಿದೆ. ಇದರ ಧ್ವನಿ ಶೋಕವಲ್ಲ. ಶಾಂತವೂ ಪೂರ್ತಿಯಾಗಿ ಅಲ್ಲ. ಬೆಳಕನ್ನು ಕಂಡವನ ಬೆರಗು.

ಮಚಾದೊನ ಹೆಣವನ್ನು ಗಣರಾಜ್ಯದ ಮೂರು ಬಣ್ಣದ ಬಾವುಟದಲ್ಲಿ ಹೊದಿಸಿ, ಊರಿನ ಕೋಟೆಯಲ್ಲಿ ಇರಿಸಲ್ಪಟ್ಟಿದ್ದ ಸ್ಪೇನಿನ ಸೈನಿಕರಲ್ಲಿ ಆರು ಮಂದಿಯು ಹೊತ್ತು ನಡೆದರು. ಸಮಾಧಿಯ ಸ್ಥಳವೂ ಎರವಲಿನದೇ. ಹೋಟೆಲಿನಾಕೆಯ ಗೆಳತಿಯೊಬ್ಬಳು ತನ್ನ ಕುಟುಂಬದ ಗೋರಿಯಲ್ಲಿ ಎಡೆ ಕೊಟ್ಟಳು. ಮೂರು ದಿನಗಳ ಮೇಲೆ, ಫೆಬ್ರವರಿ 25ರಂದು, ತಾಯಿಯೂ ತೀರಿಕೊಂಡಳು. ಸುದ್ದಿ ತಿಳಿದು ಬೂರ್ಗೋಸಿನಿಂದ ಧಾವಿಸಿ ಬಂದ ಮಾನ್ವೆಲನು ತಮ್ಮನ ಮಣ್ಣಿಗೆಂದು ಬಂದವನು, ತಾಯಿಯೂ ಇಲ್ಲವೆಂಬುದನ್ನು ಅಲ್ಲಿಯೇ ಅರಿತನು. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಆತನಿಗೆ ಕೆಲಸವನ್ನು ನೀಡುವ ಕಾಗದವೊಂದು ಮರಣವಾದ ಮೇಲೆ ಬಂದು ತಲುಪಿತು.

ಅಲ್ಲಿಂದ ಮುಂದೆ ಮಚಾದೊನ ನೆನಪಿಗಾಗಿ ಎಳೆದಾಟವು ನಡೆಯಿತು. 1941ರಲ್ಲಿ ಸ್ಪೇನಿನ ಹೊಸ ಸರಕಾರವು ಸತ್ತ ಕವಿಯನ್ನು ಅಧ್ಯಾಪಕ ಪದವಿಯಿಂದ ತೆಗೆದುಹಾಕಿತು. ಸತ್ತವನನ್ನು ಕೆಲಸದಿಂದ ಬಿಡಿಸುವ ಈ ವಿನೋದವನ್ನು ಮೈರೇನಾ ಕಂಡಿದ್ದರೆ ಒಂದು ಅಧ್ಯಾಯವನ್ನೇ ಬರೆಯುತ್ತಿದ್ದನು. ಆ ತಪ್ಪನ್ನು ತಿದ್ದಿದುದು 1981ರಲ್ಲಿ. ವಿಚಿತ್ರವೆಂದರೆ, ಅದೇ ಸರಕಾರದ ಪಕ್ಷದವನಾದ ಕವಿ ರಿದ್ರುವೆಹೊ, ಅದೇ ಹೊತ್ತಿಗೆ, ಆತನ ಸಮಗ್ರ ಕಾವ್ಯಕ್ಕೆ ಮುನ್ನುಡಿ ಬರೆದು ಕವಿಯನ್ನು ತಮ್ಮವನನ್ನಾಗಿ ‘ಉದ್ಧರಿಸ’ಲು ಯತ್ನಿಸಿದನು. 1959ರಲ್ಲಿ, ಮರಣದ ಇಪ್ಪತ್ತನೆಯ ವರ್ಷದಲ್ಲಿ, ಬ್ಲಾಸ್ ದೆ ಒತೇರೊ, ಹಿಲ್ ದೆ ಬಿಯೆದ್ಮಾ, ಆಂಹೆಲ್ ಗೊನ್ಸಾಲೆಸ್, ವಲೆಂತೆ ಮುಂತಾದ ಸ್ಪೇನಿನ ತರುಣ ಕವಿಗಳು ಕೊಲ್ಯೂರಿನಲ್ಲಿ ಕೂಡಿ ಆತನನ್ನು ತಮ್ಮ ಹಿರಿಯನೆಂದು ಸಾರಿದರು. 1966ರಲ್ಲಿ ಬಯೇಸಾದಲ್ಲಿ ನಡೆಯಬೇಕಿದ್ದ ಗೌರವಸಭೆಯನ್ನು ಪೋಲೀಸರು ಚದುರಿಸಿದರು. 1969ರಲ್ಲಿ ಸೆರ್ರಾತ್ ಎಂಬ ಗಾಯಕನು ಆತನ ಪದ್ಯಗಳನ್ನು ಹಾಡಿ ಧ್ವನಿಮುದ್ರಿಕೆಯನ್ನು ಹೊರತಂದ ಮೇಲೆ, ಪುಸ್ತಕವನ್ನು ಮುಟ್ಟದವರ ಬಾಯಿಗೂ ಅವು ಬಂದುವು. 2019ರಲ್ಲಿ ಸ್ಪೇನಿನ ಪ್ರಧಾನಮಂತ್ರಿಯೊಬ್ಬನು ಮೊದಲ ಬಾರಿಗೆ ಆ ಗೋರಿಯ ಮುಂದೆ ನಿಂತನು. ಅಸ್ಥಿಗಳನ್ನು ಸ್ವದೇಶಕ್ಕೆ ತರಬೇಕೆಂಬ ಮಾತೂ ಆಗಾಗ ಎದ್ದು ಅಡಗಿದೆ.

ಹಳ್ಳಿಯ ನೆನಪು ಇವೆಲ್ಲಕ್ಕಿಂತ ಬೇರೆ ಬಗೆಯದು. ಎರವಲಿನ ಗೋರಿಯಲ್ಲಿ ಸುಮಾರು ಹತ್ತೊಂಬತ್ತು ವರ್ಷವಿದ್ದ ಕವಿಗೆ 1958ರಲ್ಲಿ ಅದೇ ಸ್ಮಶಾನದಲ್ಲಿ ಸ್ವಂತ ಗೋರಿಯಾಯಿತು. ತಾಯಿಯ ಅಸ್ಥಿಗಳೂ ಅಲ್ಲಿಗೆ ಸೇರಿದುವು. ಅದಕ್ಕೆ ಹಣ ಕೂಡಿದುದು ಸಾರ್ವಜನಿಕರ ವಂತಿಗೆಯಿಂದ. ಸಂಗೀತಗಾರ ಪಾವ್ ಕಸಾಲ್ಸ್, ಸಾಹಿತಿ ಕಾಮು ಮೊದಲಾದವರೂ ಅದರಲ್ಲಿ ಕೈಗೂಡಿಸಿದರು. ಗೋರಿಯ ಪಕ್ಕದಲ್ಲಿ ಒಂದು ಟಪಾಲು ಪೆಟ್ಟಿಗೆ ಇದೆ. ಸತ್ತ ಕವಿಗೆ ಲೋಕದ ನಾನಾ ಕಡೆಗಳಿಂದ ಕಾಗದಗಳು ಬರುತ್ತವೆ. ಬಂದವರು ತಾವೇ ಬರೆದು ಹಾಕುವುದೂ ಉಂಟು. ಆತನ ಹೆಸರಿನ ಪ್ರತಿಷ್ಠಾನವು 1977ರಿಂದ ಆ ಹಳ್ಳಿಯಲ್ಲಿದ್ದು ಆ ಕಾಗದಗಳನ್ನು ಕಾದಿಡುತ್ತಿದೆ. ರೈಲುನೌಕರನ ಟಿಪ್ಪಣಿ ಪುಸ್ತಕವು ಈಗ ಟಪಾಲು ಪೆಟ್ಟಿಗೆಯಾಗಿ ಬೆಳೆದಿದೆ ಎನ್ನಬಹುದು.

ಹಿರಿಯರನ್ನು ಹೇಗೆ ನೆನೆಯಬೇಕೆಂಬುದನ್ನು ಮಚಾದೊ ತಾನೇ ಒಂದೆಡೆ ತೋರಿಸಿಕೊಟ್ಟಿದ್ದಾನೆ. ತನ್ನ ಗುರು ಫ್ರಾನ್ಸಿಸ್ಕೊ ಹೀನೆರ್ 1915ರಲ್ಲಿ ತೀರಿಕೊಂಡಾಗ ಬರೆದ ಕವಿತೆಯಲ್ಲಿ ಆತನು ಶಿಷ್ಯರನ್ನು ಗೋಳಾಟಕ್ಕೆ ಕರೆಯುವುದಿಲ್ಲ, ದುಡಿಮೆಗೆ ಕರೆಯುತ್ತಾನೆ. ಅದೇ ಮೇಲ್ಪಂಕ್ತಿಯನ್ನು ನಾವು ಆತನಿಗೂ ಅನ್ವಯಿಸಬೇಕು. ಕೊಲ್ಯೂರಿನ ದುಃಖವನ್ನು ದುಃಖವೆಂದೇ, ಅನ್ಯಾಯವನ್ನು ಅನ್ಯಾಯವೆಂದೇ ತಿಳಿಯೋಣ. ಕವಿತೆಯ ಹೊಂಬಣ್ಣವನ್ನು ಅದಕ್ಕೆ ಬಳಿಯುವುದು ಬೇಡ. ಹಾಗೆಯೇ ಕವಿತೆಯನ್ನು ಮರಣದ ಟಿಪ್ಪಣಿಯೆಂದು ಓದದೆ ಕವಿತೆಯೆಂದೇ ಓದೋಣ. ಬೇರೆ ಭಾಷೆಗಳ ಮೂಲಕ ಮಚಾದೊನನ್ನು ತಲುಪುವ ಕನ್ನಡದ ಓದುಗರಿಗೆ ಇದು ವಿಶೇಷವಾಗಿ ಅವಶ್ಯವಾದ ಎಚ್ಚರ. ಕಥೆಯು ಭಾಷೆಯಿಂದ ಭಾಷೆಗೆ ಸುಲಭವಾಗಿ ದಾಟುತ್ತದೆ, ಛಂದಸ್ಸು ಗಡಿಯಲ್ಲಿಯೇ ಉಳಿದುಬಿಡುತ್ತದೆ. ನಮಗೆ ಸಿಕ್ಕಿದ ನಾಲ್ಕಾರು ಪದ್ಯಗಳನ್ನು ಆ ರೈಲುನೌಕರನಂತೆ ಕೈಯಾರೆ ಬರೆದಿಟ್ಟುಕೊಂಡರೆ ಅಷ್ಟೇ ಸಾಕು. ಗಂಟನ್ನು ಕಳೆದುಕೊಂಡವನು ಎಂದು ಬಂದು ಕೇಳುವನೋ ಬಲ್ಲವರಾರು?